ಎರಡಂಗುಲದ ಮೀನಿಗೆ ನಾಲ್ಕಡಿ ಮನೆ

ಬೆಳಿಗ್ಗೆ ಆರೂವರೆಗೆ ಹಾಲಿನ ಪ್ಯಾಕೆಟ್ ಒಳಗೆ ತರಲು ಬಾಗಿಲು ತೆಗೆದರೆ, ಆ ಸದ್ದಿಗೆ ನಮ್ಮ ಮನೆಯಲ್ಲಿ ಮೊದಲು ಏಳುವುದು ಕೆಂಚಿ. ಮರಳಿಗೆ ಹೊಟ್ಟೆ ತಾಗಿಸಿ ಮಲಗಿದ್ದದ್ದು ಮೆಲ್ಲನೆ ಮೇಲೆದ್ದು, ಗಾಜಿನ ಈ ತುದಿಗೆ ಬಂದು, ಕಿತ್ತಳೆ ಉಂಗುರದ ಕಣ್ಣು ಹೊರಳಿಸಿ ಯಾರು ಬಂದರೆಂದು ನೋಡುತ್ತದೆ. ನಾನಾದರೆ ಬಾಲ ಬಡಿಯುತ್ತದೆ. ಅಮ್ಮನಾದರೆ ಇಡೀ ಮೈ ಕುಣಿಸುತ್ತದೆ. ಹೊಸಬರಾದರೆ ಹಿಂದೆ ಸರಿದು ಫಿಲ್ಟರ್ ಪೈಪಿನ ಮರೆಯಲ್ಲಿ ನಿಲ್ಲುತ್ತದೆ. ‘ಎಂತ ಮಾರಾಯ್ತಿ, ಹಸಿವಾಯ್ತಾ?’ ಎಂದು ಉಪ್ಪಿನಂಗಡಿಯ ಅಮ್ಮ ದಿನವೂ ಕೇಳುತ್ತಾರೆ. ಅವರ ಕೈ ಡಬ್ಬಿಯ ಕಡೆ ಹೋಗುವ ಮೊದಲೇ ಕೆಂಚಿಯ ಮೂತಿ ನೀರಿನ ಮೇಲಿರುತ್ತದೆ.

ಕೆಂಚಿ ಆಸ್ಕರ್ ಜಾತಿಯ ಮೀನು. ಅಂಗಡಿಯವರ ಬಾಯಲ್ಲಿ ಟೈಗರ್ ಆಸ್ಕರ್. ಇದ್ದಿಲಿನಂಥ ಮೈ, ಅದರ ಮೇಲೆ ಕೆಂಡ ಕೆದರಿದಂಥ ಗೆರೆಗಳು. ಸಿಕ್ಲಿಡ್ ಎಂಬ ಬಹುದೊಡ್ಡ ಕುಟುಂಬದಲ್ಲಿ ಮನೆಗಳಿಗೆ ಹೆಚ್ಚಾಗಿ ಬರುವ ದೊಡ್ಡ ಮೀನುಗಳಲ್ಲಿ ಇದೂ ಒಂದು. 2019ರ ಜೂನ್‌ನಲ್ಲಿ ನಮ್ಮ ಬೆಂಗಳೂರಿನ ಫ್ಲಾಟಿಗೆ ಬಂದಾಗ ಮೂತಿಯಿಂದ ಬಾಲದವರೆಗೆ ಎರಡಂಗುಲ ಇತ್ತು. ಈಗ 13 ಅಂಗುಲ. ಈ ಮೀನನ್ನು ಮನೆಗೆ ತರುವ ಮೊದಲು ಯಾರಾದರೂ ಕೂರಿಸಿಕೊಂಡು ಹೇಳಬೇಕಾಗಿದ್ದ ಮಾತುಗಳನ್ನು ನಾವು ಈ ಹನ್ನೊಂದು ಅಂಗುಲದ ಅವಧಿಯಲ್ಲಿ ಒಂದೊಂದಾಗಿ ಕಲಿತೆವು. ಇನ್ನೊಂದು ಮನೆಗೆ, ಇನ್ನೊಂದು ಮೀನಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಕೇಳಿದ ಮಾತು

ಮಗಳಿಗೆ ಆಗ ಒಂಬತ್ತು ತುಂಬಿತ್ತು. ಹುಟ್ಟುಹಬ್ಬಕ್ಕೆ ಮೀನು ಬೇಕೆಂದಳು. ಅಂಗಡಿಯ ಗಾಜಿನ ಡಬ್ಬದಲ್ಲಿ ಇಪ್ಪತ್ತು ಮೂವತ್ತು ಆಸ್ಕರ್ ಮರಿಗಳು ಒತ್ತೊತ್ತಾಗಿ ಈಜುತ್ತಿದ್ದವು. ಅವುಗಳಲ್ಲಿ ಒಂದು ಇವಳ ಬೆರಳು ಹೋದ ಕಡೆಯೆಲ್ಲ ಬಂತು. ‘ಇದೇ’ ಎಂದಳು. ‘ಎಷ್ಟು ದೊಡ್ಡ ಟ್ಯಾಂಕ್ ಬೇಕಾಗುತ್ತೆ?’ ಎಂದು ನಾನು ಕೇಳಿದೆ. ‘ಎರಡಡಿ ಸಾಕು ಸಾರ್. ಟ್ಯಾಂಕ್ ಎಷ್ಟಿರುತ್ತೋ ಮೀನು ಅಷ್ಟೇ ಬೆಳೆಯೋದು’ ಎಂದರು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಅಂಚಿನವರೆಗೂ ತುಂಬಿದರೆ 57 ಲೀಟರ್ ನೀರು ಹಿಡಿಯುತ್ತದೆ. ಮಗಳು ಗಾಜಿನ ಹೊರಗೆ ಕಾಗದದ ಪಟ್ಟಿ ಅಂಟಿಸಿ, ಪ್ರತಿ ತಿಂಗಳ ಮೊದಲ ಭಾನುವಾರ ಮೀನಿನ ಉದ್ದಕ್ಕೆ ಪೆನ್ಸಿಲ್ ಗೆರೆ ಎಳೆಯತೊಡಗಿದಳು. ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರವನ್ನು ನಾನು ಗುರುತು ಹಾಕುತ್ತಿದ್ದ ಹಾಗೆ. ಗೆರೆಗಳ ನಡುವೆ ಸುಮಾರು ಒಂದೊಂದು ಅಂಗುಲ ಅಂತರ. ಡಿಸೆಂಬರಿಗೆ ಎಂಟು ಅಂಗುಲ. ಒಂದಡಿ ಅಗಲದ ಟ್ಯಾಂಕಿನಲ್ಲಿ ಹಿಂತಿರುಗಲು ಅದು ಮೈಯನ್ನು ಬಿಲ್ಲಿನಂತೆ ಬಗ್ಗಿಸಬೇಕಾಗಿತ್ತು. ‘ಅಪ್ಪಾ, ಇದಕ್ಕೆ ತಿರುಗೋಕೆ ಜಾಗ ಇಲ್ಲ’ ಎಂದು ಅವಳೇ ಮೊದಲು ಹೇಳಿದ್ದು.

ಮೀನು ಗಾಜನ್ನು ಅಳೆದು ಬೆಳವಣಿಗೆ ನಿಲ್ಲಿಸುವುದಿಲ್ಲ. ಚಿಕ್ಕ ಟ್ಯಾಂಕಿನಲ್ಲಿ ಅದು ಕುಳ್ಳಾಗಿ ಉಳಿದಿದ್ದರೆ, ಅದರ ಹೊಲಸು ಅದರ ಸುತ್ತಲೇ ಕಟ್ಟಿಕೊಂಡು, ಹಸಿವು ಕೆಟ್ಟು, ಮೈ ಮುರುಟಿದೆ ಎಂದರ್ಥ. ಅಂಥ ಮೀನು ಪೂರ್ತಿ ಆಯಸ್ಸು ಬಾಳುವುದು ಕಷ್ಟ. ಚೆನ್ನಾಗಿ ಸಾಕಿದ ಆಸ್ಕರ್ ಮನೆಯಲ್ಲಿ 12ರಿಂದ 14 ಅಂಗುಲದವರೆಗೆ ಬೆಳೆಯುತ್ತದೆ, 10ರಿಂದ 15 ವರ್ಷ ಬದುಕುತ್ತದೆ. ಒಂಬತ್ತರ ಹುಡುಗಿಗೆ ತಂದುಕೊಟ್ಟ ಮೀನು ಅವಳಿಗೆ ಇಪ್ಪತ್ತನಾಲ್ಕು ಆಗುವವರೆಗೂ ಮನೆಯಲ್ಲಿರಬಹುದು. ಈ ಲೆಕ್ಕವನ್ನು ಹಣ ಕೊಡುವ ಮೊದಲೇ ಹಾಕಬೇಕು. ಟ್ಯಾಂಕ್ ಕಟ್ಟಿಸಬೇಕಾದದ್ದು ಎರಡನೇ ವರ್ಷದಲ್ಲಿ ಆ ಮೀನು ಎಷ್ಟಿರುತ್ತದೋ ಅಷ್ಟಕ್ಕೆ.

ಜನವರಿಯಲ್ಲಿ ಹೊಸದು ಕಟ್ಟಿಸಿದೆವು. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, 10 ಮಿಲಿಮೀಟರ್ ಗಾಜು. ಎತ್ತರಕ್ಕಿಂತ ಅಗಲಕ್ಕೆ ದುಡ್ಡು ಹಾಕಿದ್ದು ತಿರುಗುವ ಮೀನಿಗಾಗಿ. ತುಂಬಿದರೆ 340 ಲೀಟರ್, ಅಂದರೆ 340 ಕಿಲೋ ನೀರು. ಗಾಜಿನದೇ 60 ಕಿಲೋ. ಮರಳು, ಕಬ್ಬಿಣದ ಸ್ಟ್ಯಾಂಡ್ ಸೇರಿದರೆ ನಾಲ್ಕು ಕ್ವಿಂಟಾಲ್ ಮೀರುತ್ತದೆ. ಕಟ್ಟಡದ ಎಂಜಿನಿಯರನ್ನು ಕೇಳಿ, ನೆಲದಡಿ ತೊಲೆ ಹಾದುಹೋಗುವ ಗೋಡೆಯ ಪಕ್ಕದಲ್ಲಿಟ್ಟೆವು. ಗಾಜಿಗೂ ಸ್ಟ್ಯಾಂಡಿಗೂ ನಡುವೆ ಥರ್ಮಾಕೋಲ್ ಹಾಳೆ. ಸಣ್ಣ ಉಬ್ಬುತಗ್ಗು ಇದ್ದರೂ ಅಷ್ಟು ಭಾರಕ್ಕೆ ತಳದ ಗಾಜು ಬಿರುಕು ಬಿಡುತ್ತದೆ.

ನಕ್ಷತ್ರ ಬೆನ್ನಿನ ಮೀನು

ಹೊಸ ಟ್ಯಾಂಕಿಗೆ ಬಿಟ್ಟ ಮೇಲೆ ಎರಡು ದಿನ ಅದು ಮೂಲೆಯಲ್ಲಿ ಬಣ್ಣ ಕಳೆದುಕೊಂಡು ನಿಂತಿತ್ತು. ಆಗಲೇ ಅದರ ಊರು ಯಾವುದು, ಅಲ್ಲಿ ಹೇಗಿರುತ್ತದೆ ಎಂದು ಓದಲು ಕುಳಿತೆ.

ಆಸ್ಕರ್‌ನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಬ್ರೆಜಿಲ್‌ನಲ್ಲಿ ಅಪಯಾರಿ ಎನ್ನುತ್ತಾರೆ. ಅಲ್ಲಿ ಅದು ಸಂತೆಯಲ್ಲಿ ಮಾರುವ, ಸಾರು ಮಾಡುವ ಮೀನು. 1817ರಿಂದ 1820ರವರೆಗೆ ಸ್ಪಿಕ್ಸ್ ಮತ್ತು ಮಾರ್ಟಿಯಸ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು ಬ್ರೆಜಿಲ್ ಸುತ್ತಿ ಮೀನುಗಳನ್ನು ಸಂಗ್ರಹಿಸಿ ಯುರೋಪಿಗೆ ಒಯ್ದರು. ಸ್ಪಿಕ್ಸ್ ತೀರಿಕೊಂಡ ಮೇಲೆ ಆ ಸಂಗ್ರಹವನ್ನು ವಿವರಿಸುವ ಕೆಲಸ ಲೂಯಿ ಅಗಾಸಿಜ್ ಎಂಬ ತರುಣನ ಪಾಲಿಗೆ ಬಂತು. ಅಮೆಜಾನನ್ನು ಆಗಿನ್ನೂ ಕಂಡಿರದ ಅವನು ಈ ಮೀನನ್ನು ಕಡಲಿನದೆಂದು ಬಗೆದು, 1831ರಲ್ಲಿ ಕಡಲ ಮೀನುಗಳ ಕುಲದಲ್ಲೇ ಸೇರಿಸಿದ. 1865ರಲ್ಲಿ ಅದೇ ಅಗಾಸಿಜ್ ಅಮೆಜಾನಿಗೆ ಖುದ್ದಾಗಿ ದೊಡ್ಡ ತಂಡ ಕಟ್ಟಿಕೊಂಡು ಹೋದ. ಇಂದಿನ ಹೆಸರು ಆಸ್ಟ್ರೊನೋಟಸ್ ಒಸೆಲೇಟಸ್. ಮೊದಲ ಪದಕ್ಕೆ ನಕ್ಷತ್ರ ಬೆನ್ನಿನದು ಎಂದು ಅರ್ಥ, ಎರಡನೆಯದಕ್ಕೆ ಕಣ್ಣಿನಂಥ ಬೊಟ್ಟುಳ್ಳದ್ದು ಎಂದು.

ಆ ಬೊಟ್ಟು ಕೆಂಚಿಯ ಬಾಲದ ಬುಡದಲ್ಲಿದೆ. ಕಪ್ಪು ವೃತ್ತ, ಸುತ್ತ ಕಿತ್ತಳೆ ಬಳೆ. ವೆನೆಜುವೆಲಾದಲ್ಲಿ ಅಧ್ಯಯನ ಮಾಡಿದ ಕಿರ್ಕ್ ವೈನ್‌ಮಿಲ್ಲರ್, ರೆಕ್ಕೆ ಕಚ್ಚುವ ಪಿರಾನಾಗಳಿಂದ ಈ ಸುಳ್ಳುಗಣ್ಣು ಆಸ್ಕರನ್ನು ಕಾಪಾಡುತ್ತದೆ ಎಂದು 1990ರಲ್ಲಿ ಬರೆದರು. ಬಾಲದ ಕಡೆಯಿಂದ ಬಂದವನಿಗೆ ಅಲ್ಲೂ ಒಂದು ಕಣ್ಣು ನೆಟ್ಟು ನೋಡುತ್ತಿರುವಂತೆ ಕಾಣುತ್ತದೆ. ನಮ್ಮಲ್ಲಿ ಕೂಸಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟು ನೆನಪಾಯಿತು.

ಮನೌಸ್ ನಗರದ ಹತ್ತಿರ ನದಿಯ ನೀರು ವರ್ಷಕ್ಕೆ ಸರಾಸರಿ 10 ಮೀಟರಿನಷ್ಟು ಏರಿ ಇಳಿಯುತ್ತದೆ. ಏರಿದಾಗ ಕಾಡೇ ಮುಳುಗುತ್ತದೆ. ಮುಳುಗಿದ ಮರಗಳ ಬೇರು ಬುಡಗಳ ನಡುವೆ, ಚಹಾದ ಬಣ್ಣದ ನಿಧಾನ ನೀರಿನಲ್ಲಿ ಆಸ್ಕರ್ ಹುಳು, ಸೀಗಡಿ, ಸಣ್ಣ ಮೀನು, ಉದುರಿದ ಹಣ್ಣು ಹುಡುಕುತ್ತದೆ. ಅಲ್ಲಿನ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆಯಾಗುವ ಹೊತ್ತುಗಳಿವೆ. ಅದನ್ನು ಗಂಟೆಗಟ್ಟಲೆ ತಡೆದುಕೊಳ್ಳುವ ಶಕ್ತಿ ಈ ಮೀನಿಗಿದೆ. ತಡೆಯಲಾರದ್ದು ಚಳಿ. ನೀರು 13 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಸಾಯುತ್ತದೆ. ನಮ್ಮ ಮನೆಯ ನೀರು ಅಷ್ಟು ಇಳಿಯುವುದಿಲ್ಲ, ಆದರೆ ಡಿಸೆಂಬರ್ ರಾತ್ರಿಗಳಲ್ಲಿ 20ರ ಆಸುಪಾಸಿಗೆ ಬಂದಾಗಲೇ ಅದು ಮಂಕಾಗಿ ಊಟ ಬಿಡುತ್ತದೆ. ಹಾಗಾಗಿ 26 ಡಿಗ್ರಿಗೆ ಹೀಟರ್ ಇಟ್ಟಿದ್ದೇವೆ. ಅದಕ್ಕೆ ಪ್ಲಾಸ್ಟಿಕ್ ಜಾಲರಿಯ ಕವಚವನ್ನೂ ಹಾಕಿದ್ದೇವೆ. ಇಷ್ಟು ದೊಡ್ಡ ಮೀನು ಸಿಟ್ಟಿನಲ್ಲಿ ಬಾಲ ಬೀಸಿದರೆ ಗಾಜಿನ ಹೀಟರ್ ಉಳಿಯುವುದಿಲ್ಲ.

ಮುಳುಗಿದ ಕಾಡನ್ನು ಫ್ಲಾಟಿಗೆ ತರಲಾಗದು. ಆದರೆ ಒಂದು ದೊಡ್ಡ ಬೇರುತುಂಡು, ನುಣುಪು ಕಲ್ಲು ನಾಲ್ಕು, ತಳಕ್ಕೆ ಮರಳು, ಅರೆಗತ್ತಲೆಯ ದೀಪ ಇಷ್ಟನ್ನು ಕೊಟ್ಟೆವು. ಬೇರಿನ ನೆರಳು ಸಿಕ್ಕಿದ ಮಧ್ಯಾಹ್ನವೇ ಅದರ ಬಣ್ಣ ಮರಳಿತು. ನೆಟ್ಟ ಗಿಡಗಳನ್ನೆಲ್ಲ ಕಿತ್ತು ತೇಲಿಸಿತು. ಕಲ್ಲುಗಳನ್ನು ತನಗೆ ಬೇಕಾದಲ್ಲಿಗೆ ತಳ್ಳಿಕೊಂಡಿತು.

ಸ್ಪಾಂಜಿನೊಳಗಿನ ಒಕ್ಕಲು

ಆ ವರ್ಷದ ದೀಪಾವಳಿಗೆ ಮನೆ ತೊಳೆಯುವಾಗ ಫಿಲ್ಟರಿನ ಸ್ಪಾಂಜನ್ನೂ ನಲ್ಲಿಯ ಕೆಳಗೆ ಹಿಡಿದು, ಕಂದು ನೀರು ಹೋಗಿ ತಿಳಿ ಬರುವವರೆಗೆ ಹಿಂಡಿ ತೊಳೆದೆ. ಮೂರನೇ ದಿನ ಟ್ಯಾಂಕಿನ ನೀರು ಅಕ್ಕಿ ತೊಳೆದಂತಾಯಿತು. ಕೆಂಚ ತಳದಲ್ಲಿ ಓರೆಯಾಗಿ ಬಿದ್ದು, ಕಿವಿರು ಬೇಗ ಬೇಗ ಬಡಿಯುತ್ತಿತ್ತು. ಆಗ ಅದನ್ನು ಗಂಡೆಂದು ತಿಳಿದು ಕೆಂಚ ಎಂದೇ ಕರೆಯುತ್ತಿದ್ದೆವು. ಮಗಳು ಗಾಜಿಗೆ ಹಣೆ ಹಚ್ಚಿ ಅಳುತ್ತಿದ್ದಳು.

ನಾನು ತೊಳೆದು ಚರಂಡಿಗೆ ಬಿಟ್ಟದ್ದು ಅದರ ಉಸಿರನ್ನು ಕಾಯುತ್ತಿದ್ದ ಒಕ್ಕಲನ್ನೇ. ಮೀನು ಅಮೋನಿಯಾ ಎಂಬ ವಿಷವನ್ನು ಹೆಚ್ಚಾಗಿ ಕಿವಿರಿನಿಂದಲೇ ಹೊರಹಾಕುತ್ತದೆ. ಸ್ಪಾಂಜಿನಲ್ಲಿ ಮನೆ ಮಾಡಿದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನು ಕಸಿಯುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ, ಇದರಿಂದ ತೊಂದರೆ ಬಹಳ ಕಡಿಮೆ. ಹೊಸ ಟ್ಯಾಂಕಿನಲ್ಲಿ ಈ ಒಕ್ಕಲು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ನಮ್ಮನ್ನು ರೋಗಾಣುಗಳಿಂದ ಕಾಯುವಂಥದ್ದು. ಸ್ಪಾಂಜಿನ ಬ್ಯಾಕ್ಟೀರಿಯಾವನ್ನೂ ಅದು ಹಾಗೆಯೇ ಕೊಲ್ಲುತ್ತದೆ.

ಒಂದು ವಾರ ದಿನವೂ ಅರ್ಧ ನೀರು ಬದಲಿಸಿದೆವು. ಬಕೆಟ್ಟಿಗೆ ಆಂಟಿ ಕ್ಲೋರಿನ್ ಹಾಕಿ, ಬೆರಳದ್ದಿ ಬಿಸಿ ನೋಡಿ ಸುರಿದೆವು. ಊಟ ನಿಲ್ಲಿಸಿದೆವು. ಅಡುಗೆಮನೆಯ ಕಲ್ಲುಪ್ಪು ಅಳತೆ ಮಾಡಿ ಹಾಕಿದೆವು. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ನೈಟ್ರೈಟನ್ನು ತಡೆಯುತ್ತದೆ. ಮೀನು ಸಾಕುವ ಗೆಳೆಯನೊಬ್ಬ ತನ್ನ ಹಳೆಯ ಟ್ಯಾಂಕಿನ ಕೊಳೆ ಸ್ಪಾಂಜನ್ನು ಒದ್ದೆಯಾಗಿಯೇ ಕವರಿನಲ್ಲಿಟ್ಟುಕೊಂಡು ರಾತ್ರಿ ಹತ್ತಕ್ಕೆ ಬೈಕಿನಲ್ಲಿ ಬಂದ. ಎಂಟನೇ ದಿನ ಕೆಂಚ ಮೇಲೆ ಬಂದು ಮಗಳ ಬೆರಳು ನೋಡಿತು. ಅಂದಿನಿಂದ ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಅದ್ದಿ ಒಮ್ಮೆ ಹಿಂಡುತ್ತೇನೆ, ಅಷ್ಟೇ.

ಬೋರ್‌ವೆಲ್ ನೀರಿನ ಮನೆಗಳವರು ಇನ್ನೊಂದನ್ನು ತಿಳಿದಿರಬೇಕು. ಪಿಎಚ್ 7 ಇರುವ ನೀರಿಗಿಂತ 8 ಇರುವ ನೀರಿನಲ್ಲಿ ಅಮೋನಿಯಾದ ವಿಷರೂಪದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟು. ಬೋರ್‌ವೆಲ್ ನೀರಿನ ಪಿಎಚ್ ಹೆಚ್ಚಿದ್ದರೆ, ಮೃದು ನೀರಿನ ಮನೆಯಲ್ಲಿ ದಕ್ಕಿಹೋಗುವ ತಪ್ಪು ಅಲ್ಲಿ ದಕ್ಕುವುದಿಲ್ಲ. ಅಮೋನಿಯಾ ಅಳೆಯುವ ಟೆಸ್ಟ್ ಕಿಟ್ ಮೀನಿಗಿಂತ ಮೊದಲೇ ಮನೆಗೆ ಬರಬೇಕು. ಕರೆಂಟ್ ಹೋದಾಗಲೂ ಎಚ್ಚರ ಬೇಕು. ಆಸ್ಕರ್ ತಡೆದುಕೊಂಡೀತು, ಆದರೆ ಮುಚ್ಚಿದ ಫಿಲ್ಟರಿನಲ್ಲಿ ಉಸಿರಾಡಲು ಹರಿಯುವ ನೀರಿಲ್ಲದೆ ಬ್ಯಾಕ್ಟೀರಿಯಾ ಸಾಯುತ್ತವೆ. ನಮ್ಮ ಯುಪಿಎಸ್‌ಗೆ ಈಗ ಫ್ಯಾನಿನ ಜೊತೆ ಫಿಲ್ಟರನ್ನೂ ಸೇರಿಸಿದ್ದೇವೆ.

ಊಟ, ಮುನಿಸು, ಮೊಟ್ಟೆ

ಊಟದ ಹೊಣೆ ಅಮ್ಮನದು. ಬೆಳಿಗ್ಗೆ ದೊಡ್ಡ ಪೆಲೆಟ್. ವಾರಕ್ಕೆರಡು ಬಾರಿ ಸೀಗಡಿ, ಸಿಪ್ಪೆ ಸಮೇತ. ಬಾಲ್ಕನಿ ಕುಂಡದ ಎರೆಹುಳು ಸಿಕ್ಕಿದರೆ ಹಬ್ಬ. ಸಿಪ್ಪೆ ಸುಲಿದ ಬೇಯಿಸಿದ ಬಟಾಣಿಯೂ ಆಗುತ್ತದೆ. ಕೆಂಚಿ ಬಾಯಿ ತೆರೆದರೆ ನೀರಿನ ಸಮೇತ ತುತ್ತು ಒಳಗೆ. ಆಮೇಲೆ ಗಂಟಲಿನಲ್ಲಿರುವ ಎರಡನೇ ಜೊತೆ ದವಡೆ ಅಗಿಯಲು ಶುರುಮಾಡುತ್ತದೆ. ಸಿಕ್ಲಿಡ್‌ಗಳಿಗೆಲ್ಲ ಈ ಒಳದವಡೆ ಇದೆ. ಪೆಲೆಟ್ ಪುಡಿಯಾಗಿ ಕಿವಿರಿನಿಂದ ಹೊಗೆಯಂತೆ ಹೊರಬರುವುದನ್ನು ಮಗಳು ಎಷ್ಟು ಸಲ ನೋಡಿದರೂ ದಣಿಯುವುದಿಲ್ಲ. ಜೀವಂತ ಗೋಲ್ಡ್‌ಫಿಶ್ ಹಾಕಿ ಬೇಟೆ ನೋಡುವ ರೂಢಿ ಕೆಲವರಲ್ಲಿದೆ. ನಾವು ಅದನ್ನು ಮಾಡುವುದಿಲ್ಲ. ಗೋಲ್ಡ್‌ಫಿಶ್ ಮಾಂಸದಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ, ಮೇಲಾಗಿ ಅದರ ಜೊತೆ ರೋಗವೂ ಬರುತ್ತದೆ. ಕಳಪೆ ಊಟ, ಕೆಟ್ಟ ನೀರು ಎರಡೂ ಕೂಡಿದರೆ ಆಸ್ಕರ್‌ನ ತಲೆಯ ಮೇಲೆ ಗುಳಿ ಬೀಳುವ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಅಮ್ಮ ಸೋಮವಾರ ಒಪ್ಪೊತ್ತು. ಬೆಳೆದ ಮೀನಿಗೆ ವಾರಕ್ಕೊಂದು ದಿನ ಹೊಟ್ಟೆ ಖಾಲಿ ಬಿಟ್ಟರೆ ಒಳ್ಳೆಯದೆಂದು ನಾನು ಹೇಳಿದ ಮೇಲೆ ಕೆಂಚಿಗೂ ಅದೇ ದಿನ ಉಪವಾಸ. ‘ನಾನೂ ತಿನ್ನಲಿಲ್ಲ, ನೀನೂ ಸುಮ್ಮನಿರು’ ಎಂದು ಅದಕ್ಕೆ ಸಮಾಧಾನ ಹೇಳುತ್ತಾರೆ.

ಮುನಿಸು ಅದಕ್ಕಿದೆ. ಹಾಲ್‌ನ ಸೋಫಾ ಜಾಗ ಬದಲಿಸಿದರೆ ಒಂದು ಸಂಜೆಯಿಡೀ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತದೆ. ಹೆದರಿದರೆ ಮೈ ಕಪ್ಪಿಟ್ಟು ಗೆರೆಗಳು ಮಾಸುತ್ತವೆ. ಇದಕ್ಕೆಲ್ಲ ಮನುಷ್ಯರ ಮನಸ್ಸನ್ನು ಅಂಟಿಸಲು ನಾನು ಹೋಗುವುದಿಲ್ಲ. ಆದರೆ ಅದು ನೋಡುತ್ತದೆ, ಗುರುತಿಟ್ಟುಕೊಳ್ಳುತ್ತದೆ, ಕಾಯುತ್ತದೆ. ಅಷ್ಟನ್ನು ಆರು ವರ್ಷ ದಿನವೂ ಕಂಡಿದ್ದೇನೆ.

ಕೆಂಚ ಕೆಂಚಿಯಾದದ್ದು 2021ರ ಮೇ ತಿಂಗಳಲ್ಲಿ. ಎರಡನೇ ಲಾಕ್‌ಡೌನ್, ಎಲ್ಲರೂ ಮನೆಯಲ್ಲಿ. ಎರಡು ದಿನದಿಂದ ಅದು ಒಂದು ಚಪ್ಪಟೆ ಕಲ್ಲನ್ನು ಬಾಯಿಯಿಂದ ಉಜ್ಜುತ್ತಿತ್ತು. ಮೂರನೇ ಬೆಳಿಗ್ಗೆ ಕಲ್ಲಿನ ತುಂಬ ಸಾಲುಸಾಲಾಗಿ, ರವೆ ಹರಡಿದಂತೆ ನೂರಾರು ಮೊಟ್ಟೆ. ಹೊರನೋಟಕ್ಕೆ ಆಸ್ಕರ್‌ನಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ. ಗಂಡು ಜೊತೆಗಿಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುವುದುಂಟು. ಅವು ಮರಿಯಾಗುವಂತಿರಲಿಲ್ಲ. ಆದರೂ ಅದು ಕಲ್ಲು ಬಿಟ್ಟು ಕದಲಲಿಲ್ಲ. ಎದೆಯ ರೆಕ್ಕೆಯಿಂದ ಬೀಸಿ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸಿತು. ಅಮ್ಮನ ಕೈಯನ್ನೂ ಹತ್ತಿರ ಬಿಡಲಿಲ್ಲ. ಮೊಟ್ಟೆಗಳೆಲ್ಲ ಬೆಳ್ಳಗಾಗಿ ಬೂಸ್ಟು ಹಿಡಿದ ಮೇಲೆ ಒಂದೊಂದಾಗಿ ತೆಗೆದು ನುಂಗಿತು. ಅಮ್ಮ ಆ ದಿನ ಅದರ ಮುಂದೆ ತುಂಬ ಹೊತ್ತು ಕುಳಿತಿದ್ದರು. ಹೆಸರು ಬದಲಿಸಿದ್ದು ಅವರೇ.

ನೂರು ಲೀಟರಿನ ಪ್ರಶ್ನೆ

ಪ್ರತಿ ಭಾನುವಾರ ಸುಮಾರು 100 ಲೀಟರ್ ನೀರು ತೆಗೆದು ಅಷ್ಟೇ ಹೊಸದು ತುಂಬುತ್ತೇವೆ. ಬ್ಯಾಕ್ಟೀರಿಯಾ ಮಾಡಿಟ್ಟ ನೈಟ್ರೇಟ್ ಹೋಗಲು ನಮಗಿರುವ ಮುಖ್ಯ ದಾರಿ ಇದೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಟ್ಯಾಂಕರಿಗಾಗಿ ಕಾಯುತ್ತಿದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಪ್ರಕಟಿಸಿದಾಗ, ಈ ನೂರು ಲೀಟರ್ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಪಕ್ಕದ ಬೀದಿಯಲ್ಲಿ ಜನ ಕೊಡ ಹಿಡಿದು ನಿಂತಿರುವಾಗ ಒಂದು ಮೀನಿಗೆ ಇಷ್ಟು ನೀರೇ?

ಮೀನನ್ನು ತಂದಾಗಿದೆ, ಅದಕ್ಕೆ ಬೇರೆ ಹೊಳೆಯಿಲ್ಲ. ಹಾಗಾಗಿ ನಮ್ಮ ಬಳಕೆಯಲ್ಲಿ ಕಡಿತ ಮಾಡಿದೆವು. ಪೆಲೆಟ್ ಅರ್ಧಕ್ಕೆ ಇಳಿಸಿದೆವು. ಕಡಿಮೆ ಊಟಕ್ಕೆ ಕಡಿಮೆ ಹೊಲಸು. ಮನಿ ಪ್ಲಾಂಟ್ ಬಳ್ಳಿಯ ಬೇರನ್ನು ಮೀನಿನ ಬಾಯಿಗೆ ಸಿಗದ ಹಾಗೆ ಜಾಲರಿಯಲ್ಲಿಟ್ಟು ನೀರಿಗೆ ಇಳಿಬಿಟ್ಟೆವು. ಅದು ನೈಟ್ರೇಟ್ ಹೀರಿ ಎಲೆ ಬಿಡತೊಡಗಿತು. ವಾರಕ್ಕೊಮ್ಮೆ ಟೆಸ್ಟ್ ಕಿಟ್ ನೋಡಿ, ಅಗತ್ಯವಿದ್ದಷ್ಟೇ, ಅಂದರೆ 50–60 ಲೀಟರ್ ಬದಲಿಸಿದೆವು. ತೆಗೆದ ನೀರಿನ ಒಂದು ಮಗ್ಗೂ ಚರಂಡಿ ಸೇರಲಿಲ್ಲ. ಅಮ್ಮನ ದಾಸವಾಳ, ಕರಿಬೇವು, ಕೆಳಮನೆಯವರ ಮಲ್ಲಿಗೆ, ರಸ್ತೆಬದಿಯ ಹೊಂಗೆ ಸಸಿ ಆ ಬೇಸಿಗೆ ಬದುಕಿದ್ದು ಕೆಂಚಿಯ ನೀರಿನಲ್ಲಿ. ಆ ಅಭ್ಯಾಸ ಈಗಲೂ ಇದೆ.

ಕೆರೆಗೆ ಬಿಡುವುದು ದಯೆಯಲ್ಲ

ದೊಡ್ಡ ಮೀನು ಸಾಕಲಾಗದೆ ಸೋತವರು ಕೊನೆಗೆ ಕೇಳುವ ಪ್ರಶ್ನೆ ಒಂದೇ: ಕೆರೆಗೆ ಬಿಟ್ಟರೆ ಪುಣ್ಯ ಬರುವುದಿಲ್ಲವೇ? ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಪುರಿ ಎರಚಿ ಕೈಮುಗಿದು ಬೆಳೆದ ನಮಗೆ ಹಾಗೆ ತೋರುವುದು ಸಹಜ. ಆದರೆ ತುಂಗೆಯ ಮೀನು ತುಂಗೆಯದೇ. ಆಸ್ಕರ್ ನಮ್ಮ ನೀರಿನದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1950ರ ದಶಕದ ಕೊನೆಗೆ ನೀರಿಗೆ ಬಿಟ್ಟ ಆಸ್ಕರ್ ಇಂದು ಎವರ್‌ಗ್ಲೇಡ್ಸ್ ಜೌಗಿನ ಕಾಲುವೆಗಳಲ್ಲಿ ಬೇರೂರಿದೆ. ನಮ್ಮಲ್ಲಿಗೆ 1952ರಲ್ಲಿ ಬಂದ ಮೊಜಾಂಬಿಕ್ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಕೆರೆ ಕೆರೆಯಲ್ಲೂ ಅದರ ಸಂತಾನವಿದೆ. ಬೆಂಗಳೂರಿನ ಕೆರೆಗಳಲ್ಲಿ ಬಲೆಗೆ ಸಿಗುವ ಮುಳ್ಳುಚಿಪ್ಪಿನ ಸಕರ್ ಮೀನುಗಳು ಮನೆಗಳ ಅಕ್ವೇರಿಯಂನಿಂದ ಹೋದವು.

ನಮ್ಮದೇ ಸಿಕ್ಲಿಡ್‌ಗಳು ಇವೆ ಎಂದು ತಿಳಿದದ್ದು ಹೀಗೆ ಓದುವಾಗಲೇ. ಭಾರತದ ಮೂಲನಿವಾಸಿಗಳು ಮೂರೇ. ಕೇರಳ ತನ್ನ ರಾಜ್ಯಮೀನೆಂದು 2010ರಲ್ಲಿ ಸಾರಿದ ಕರಿಮೀನು, ಅಂಗೈಗಿಂತ ಚಿಕ್ಕ ಕಿತ್ತಳೆ ಕ್ರೋಮೈಡ್, ಮತ್ತು ಕನ್ನಡನಾಡಿನ ಹೆಸರನ್ನೇ ಹೊತ್ತ ಎಟ್ರೊಪ್ಲಸ್ ಕ್ಯಾನರೆನ್ಸಿಸ್. ಮದರಾಸು ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ 1877ರಲ್ಲಿ ವಿವರಿಸಿದ ಈ ಮೀನಿನ ಮೈಮೇಲೆ ಕಪ್ಪು ಪಟ್ಟೆ, ಮುತ್ತಿನಂಥ ಚುಕ್ಕೆ. ಈ ಮೂರರ ಹತ್ತಿರದ ನೆಂಟರು ಮಡಗಾಸ್ಕರ್‌ನಲ್ಲಿದ್ದಾರೆ. ನೇತ್ರಾವತಿ, ಕುಮಾರಧಾರಾ ನದಿಗಳು ಕ್ಯಾನರೆನ್ಸಿಸ್‌ನ ಮನೆ. ಅವೆರಡೂ ಕೂಡುವುದು ಅಮ್ಮನ ಉಪ್ಪಿನಂಗಡಿಯಲ್ಲಿ. ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ‘ಇದು ಅಲ್ಲೇ ಇರ್ಲಿ, ಯಾರೂ ಹಿಡಿದು ತರದೆ ಇರ್ಲಿ’ ಎಂದರು. ಆ ನದಿಗೆ ನಾವು ಬಿಟ್ಟ ಹೊರಗಿನ ದೊಡ್ಡ ಬಾಯಿ ಸೇರಬಾರದು ಎಂದು ನನಗೆ ಮನವರಿಕೆಯಾದದ್ದು ಆ ಮಾತಿನಿಂದ. ಸಾಕಲಾಗದಿದ್ದರೆ ಅಂಗಡಿಗೆ ಮರಳಿಸಬಹುದು, ದೊಡ್ಡ ಟ್ಯಾಂಕಿರುವ ಇನ್ನೊಬ್ಬ ಸಾಕಣೆಗಾರನಿಗೆ ಕೊಡಬಹುದು. ನೀರಿಗೆ ಮಾತ್ರ ಬಿಡಬೇಡಿ.

ಕಳೆದ ತಿಂಗಳು ಎದುರುಮನೆಯ ಏಳು ವರ್ಷದ ಹುಡುಗ ಕೆಂಚಿಯ ಮುಂದೆ ನಿಂತು, ‘ಅಕ್ಕ, ನಂಗೂ ಇಂಥದ್ದೇ ಬೇಕು. ಅಂಗಡೀಲಿ ಪುಟ್ಟದಿದೆ’ ಎಂದ. ಹದಿನೈದರ ಮಗಳು ಬೇಡ ಎನ್ನಲಿಲ್ಲ. ಡ್ರಾಯರಿನಿಂದ ಟೇಪು ತಂದು, ಅವನ ಕೈಗೆ ಒಂದು ತುದಿ ಕೊಟ್ಟು, ನೆಲದ ಮೇಲೆ ನಾಲ್ಕಡಿ ಉದ್ದ, ಎರಡಡಿ ಅಗಲ ಅಳೆಸಿ ಸೀಮೆಸುಣ್ಣದಲ್ಲಿ ಗೆರೆ ಹಾಕಿಸಿದಳು. ‘ಇದು ಅದರ ಮನೆ. ಟೇಪು ತಗೊಂಡು ಹೋಗು, ನಿಮ್ಮನೇಲಿ ಇಷ್ಟು ಜಾಗ ಎಲ್ಲಿದೆ ನೋಡ್ಕೊಂಡು ಬಾ’ ಎಂದಳು. ಅವನು ಟೇಪು ಹಿಡಿದು ಓಡಿದ. ಕೆಂಚಿ ಗಾಜಿನ ಹತ್ತಿರ ಬಂದು ನೆಲದ ಬಿಳಿ ಗೆರೆಯನ್ನು ನೋಡುತ್ತಿತ್ತು. ಅಂದು ಭಾನುವಾರ. ನಾನು ಬಕೆಟ್ ತಂದೆ, ಮಗಳು ಪೈಪು ಹಿಡಿದಳು.